ತೂತಿಲ್ಲದ ಹಲ್ಲಿನ ನೋವು

ಕೊಪ್ಪದ ಸರ್ಕಾರಿ ಆಸ್ಪತ್ರೆಯಲ್ಲಿ ನಾನಿದ್ದಾಗ ಜನ ನನಗೆ ‘ಗದರು ಡಾಕ್ಟ್ರು’ ಎಂದು ಹೆಸರಿಟ್ಟಿದ್ದರು. ಸುಳ್ಳೇನಲ್ಲ. ಹಲ್ಲುನೋವೆಂದು ಬಂದವರ ಮೇಲಂತೂ ತುಸು ಹೆಚ್ಚೇ ರೇಗುತ್ತಿದ್ದೆ. ನೋವು ಶುರುವಾದ ದಿನ ಬಂದವರನ್ನು ನಾನು ಕಂಡೇ ಇಲ್ಲ. ಲವಂಗ ಕಚ್ಚಿ, ಹೊಗೆಸೊಪ್ಪು ಒತ್ತಿ, ಗುಳ್ಳದ ಬೀಜದ ಹೊಗೆ ಹಿಡಿಸಿ ಹಲ್ಲಿನ ಹುಳ ಬೀಳಿಸಿಕೊಂಡು, ಯಾವುದಕ್ಕೂ ಬಗ್ಗದೆ ಕೆನ್ನೆ ಊದಿ ಕಣ್ಣು ಮುಚ್ಚಿಹೋದ ಮೇಲೆ ಬಂದು ಕೂರುತ್ತಿದ್ದರು. ಕೂತವರು ಮೊದಲು ಹೇಳುತ್ತಿದ್ದ ಮಾತು, “ಕೀಳೋದು ಬೇಡ ಡಾಕ್ಟ್ರೇ, ಔಷಧಿ ಕೊಡಿ.” ಇನ್ನು ಗದರದೆ ಏನು ಮಾಡಲಿ?

ಆದರೆ ಇಕ್ಕಳ ಹಿಡಿಯುವುದಕ್ಕೆ ನಾನು ಅವಸರಪಡುತ್ತಿರಲಿಲ್ಲ. ಅದಕ್ಕೆ ಕಾರಣ ಶೃಂಗೇರಿಯ ಕಡೆಯ ಒಬ್ಬ ಹಿರಿಯ ಪುರೋಹಿತರು. ಅವರಿಗೆ ಬಲಗೆನ್ನೆಯಲ್ಲಿ ಮಿಂಚು ಹೊಡೆದ ಹಾಗೆ ನೋವು ಬರುತ್ತಿತ್ತು. ಮುಖಕ್ಕೆ ಗಾಳಿ ಸೋಕಿದರೆ, ಸ್ನಾನದ ನೀರು ತಾಗಿದರೆ, ಮಂತ್ರದ ಒಂದು ಅಕ್ಷರಕ್ಕೆ ತುಟಿ ಅಗಲಿಸಿದರೆ ಸಾಕು. ನನ್ನಲ್ಲಿಗೆ ಬರುವ ಹೊತ್ತಿಗೆ ಯಾರ್ಯಾರ ಕೈಯಲ್ಲೋ ಆ ಪಕ್ಕದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದರು. ಅದು ಹಲ್ಲಿನ ನೋವೇ ಆಗಿರಲಿಲ್ಲ, ಮುಖದ ನರದ ನೋವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಗಟ್ಟಿ ಹಲ್ಲುಗಳೆಲ್ಲ ಹೋಗಿ, ನೋವು ಮಾತ್ರ ಉಳಿದಿತ್ತು. ಅವರನ್ನು ನೋಡಿದ ಮೇಲೆ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ನೋವು ಎಲ್ಲಿಯದೆಂದು ಗೊತ್ತಾಗುವ ತನಕ ಇಕ್ಕಳ ಮುಟ್ಟುವುದಿಲ್ಲ.

ಗೊತ್ತುಮಾಡುವ ಕ್ರಮ ಸರಳ. ತಣ್ಣೀರು ತಾಗಿದಾಗ ಜುಮ್ಮೆಂದು ಕೂಡಲೇ ನಿಂತರೆ, ಹಲ್ಲು ತೂತಾಗಿದೆ, ಒಳಗಿನ ಜೀವ ಇನ್ನೂ ಇದೆ. ಹಲ್ಲಿಗೆ ಹಲ್ಲು ಕೂಡಿಸಲು ಆಗದಷ್ಟು ನೋವಿದ್ದರೆ ಬೇರಿನ ತುದಿಯಲ್ಲಿ ಕೀವು ಕೂತಿದೆ. ಬಗ್ಗಿದಾಗ ಕೆನ್ನೆ ಭಾರವಾಗಿ, ಮೂಗು ಕಟ್ಟಿದ್ದರೆ ಕೆನ್ನೆಯ ಎಲುಬಿನೊಳಗಿನ ಪೊಳ್ಳು ತುಂಬಿದೆ. ಮೇಲಿನ ಹಲ್ಲೆಲ್ಲ ನೋಯುತ್ತವೆ, ಒಂದರದ್ದೂ ತಪ್ಪಿರುವುದಿಲ್ಲ. ಒಂದು ಚಮಚ, ಒಂದು ಲೋಟ ತಣ್ಣೀರು, ಒಂದು ಲೋಟ ಬಿಸಿನೀರು, ಸ್ವಲ್ಪ ಹತ್ತಿ, ಒಂದು ಕೈಗನ್ನಡಿ, ಮೊನೆ ಬಾಗಿದ ಒಂದು ಕಡ್ಡಿ. ನನ್ನ ಸಲಕರಣೆ ಇಷ್ಟೇ.

ಎರಡನೇ ಮಹಾಯುದ್ಧದ ವರ್ಷಗಳು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ನೂಕಬೇಕು. ಅಡಿಕೆ ಕೊಯ್ಲಿನ ಚಳಿಗಾಲದ ಒಂದು ಬೆಳಿಗ್ಗೆ ಬಾಳೆಹೊನ್ನೂರು ದಾರಿಯ ಹಳ್ಳಿಯೊಂದರಿಂದ ಎತ್ತಿನ ಗಾಡಿಯಲ್ಲಿ ಒಬ್ಬ ಬಸುರಿ ಹುಡುಗಿಯನ್ನು ಕರೆತಂದರು. ಜೊತೆಗೆ ಅವಳ ತಾಯಿ ಮತ್ತು ಅಣ್ಣ. ಲಿಂಗವಂತರು, ಊರಿನಲ್ಲಿ ಸಣ್ಣ ತೋಟವಿದ್ದವರು. ಹುಡುಗಿಯನ್ನು ನರಸಿಂಹರಾಜಪುರದ ಅಂಗಡಿಯವರ ಮನೆಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು.

“ಕಿವಿ ನೋವು ಡಾಕ್ಟ್ರೇ,” ಎಂದರು ತಾಯಿ. “ಕಿವಿಗೆ ಎಂತಾದ್ರೂ ಬಿಡಿ. ರಾತ್ರಿಯೆಲ್ಲ ಮಲಗೋದಿಲ್ಲ ಇವಳು.”

ಹುಡುಗಿಯ ಕೈಯಲ್ಲಿ ಒಂದು ಹಿತ್ತಾಳೆ ಚೊಂಬಿತ್ತು. ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು ಕೆನ್ನೆಯಲ್ಲಿ ಇಟ್ಟುಕೊಳ್ಳುವುದು, ಉಗುಳುವುದು, ಮತ್ತೆ ಹಾಕಿಕೊಳ್ಳುವುದು. ನಾನು ಪ್ರಶ್ನೆ ಕೇಳಿದರೂ ಅವಳಿಗೆ ಉತ್ತರಕ್ಕಿಂತ ಆ ನೀರೇ ಮುಖ್ಯವಾಗಿತ್ತು.

“ಎಂತಕ್ಕಮ್ಮ ಅದು?” ಎಂದೆ.

“ತಣ್ಣೀರು ಬಾಯಲ್ಲಿದ್ರೆ ಸುಮ್ಮನಿರ್ತದೆ. ಉಗುಳಿದ್ರೆ ಮತ್ತೆ ಶುರು,” ಎಂದಳು. ನೋವೆಲ್ಲಿ ಎಂದರೆ ಬಲಗಿವಿಯಿಂದ ಹಣೆಯ ಪಕ್ಕಕ್ಕೆ, ಅಲ್ಲಿಂದ ಮೇಲ್ದವಡೆಗೆ ಅಂಗೈ ಸವರಿ ತೋರಿಸಿದಳು. “ಇಲ್ಲೆಲ್ಲ.”

ಕಿವಿ ಶುಭ್ರವಾಗಿತ್ತು. ಬಗ್ಗಿಸಿದೆ, ಕೆನ್ನೆ ಭಾರವಾಗಲಿಲ್ಲ. ಹತ್ತಿಯ ಎಳೆಯಿಂದ ಮುಖ ಸವರಿದೆ, ಮಿಂಚು ಹೊಡೆಯಲಿಲ್ಲ. ಹಾಗಾದರೆ ಹಲ್ಲೇ. ಬಾಯಿ ತೆರೆಸಿ ನೋಡಿದೆ. ತಾಂಬೂಲದಿಂದ ಹಲ್ಲೆಲ್ಲ ಕೆಂಪುಗಪ್ಪು. ಕನ್ನಡಿ ಹಿಡಿದು ಒಂದೊಂದನ್ನೂ ನೋಡಿದರೂ ಎಲ್ಲೂ ತೂತು ಕಾಣಲಿಲ್ಲ. ಚಮಚದ ಹಿಡಿಯಿಂದ ತಟ್ಟುತ್ತ ಬಂದಾಗ ಮೇಲಿನ ಒಂದು ದವಡೆ ಹಲ್ಲಿಗೆ ಮಾತ್ರ ಸ್ವಲ್ಪ ಮುಖ ಕಿವುಚಿದಳು. ಬಿಸಿನೀರು ಬಾಯಿಗೆ ಹಾಕಿಸಿದೆ. ಹಾಕಿದ್ದೇ ತಡ, ಕುರ್ಚಿಯಿಂದ ಎದ್ದು ಮೇಜಿನ ಅಂಚು ಹಿಡಿದು ನಿಂತುಬಿಟ್ಟಳು. ಕಣ್ಣಿಂದ ನೀರು ಇಳಿಯಿತು. ಕಂಪೌಂಡರು ಓಡಿ ಚೊಂಬು ಕೊಟ್ಟರು.

ಬಿಸಿಗೆ ಕೆರಳಿ ತಣ್ಣೀರಿಗೆ ತಣಿಯುವ ನೋವೆಂದರೆ ಹಲ್ಲಿನೊಳಗಿನ ಜೀವ ಸಾಯುತ್ತ ಕೊಳೆಯುತ್ತಿದೆ, ಅಲ್ಲಿ ಹುಟ್ಟಿದ ಗಾಳಿಗೆ ಹೊರಗೆ ಬರಲು ದಾರಿಯಿಲ್ಲ ಎಂದು ಅರ್ಥ. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಹಲ್ಲು ಕೊಳೆಯಬೇಕಾದರೆ ಮೊದಲು ತೂತಾಗಬೇಕು. ತೂತಾದರೆ ಗಾಳಿಗೆ ದಾರಿ ಇದ್ದೇ ಇರಬೇಕು. ಈ ಬಾಯಲ್ಲಿ ತೂತೇ ಇಲ್ಲ. ನಾನು ಮತ್ತೊಮ್ಮೆ ಕನ್ನಡಿ ಹಿಡಿದೆ. ಏನೂ ಸಿಕ್ಕಲಿಲ್ಲ.

“ಮೇಲಿನ ಈ ಹಲ್ಲಿನ ಮೇಲೆ ಅನುಮಾನ ಇದೆ,” ಎಂದೆ ತಾಯಿಗೆ. “ಕೀಳಬೇಕಾಗಬಹುದು.”

“ಬಸುರಿ ಹಲ್ಲು ಕೀಳಬಾರದು,” ಎಂದರು ಅವರು, ಬಾಗಿಲು ಹಾಕಿಕೊಂಡ ಹಾಗೆ. “ಕಿತ್ತರೆ ಮಗು ತುಟಿ ಹರ್ಕೊಂಡು ಹುಟ್ತದೆ.”

“ಯಾರು ಹೇಳಿದ್ದು ತಾಯೀ ನಿಮಗೆ ಇದನ್ನ?”

“ನಮ್ಮತ್ತೆ ಹೇಳಿದ್ರು. ಅವರಿಗೆ ಅವರತ್ತೆ ಹೇಳಿದ್ರು. ನೀವೆಷ್ಟು ಹೆತ್ತಿದ್ದೀರಿ ಡಾಕ್ಟ್ರೇ?”

ಕಂಪೌಂಡರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಔಷಧಿ ಕೋಣೆಗೆ ಹೋದರು. ಅವರು ಹರಿಹರಪುರದವರು, ನನ್ನ ಬಾಯಿಗೆ ಹೆದರದ ಒಬ್ಬರೇ ಮನುಷ್ಯ. ಯಾವ ಹಲ್ಲೆಂದು ನನಗೇ ಖಾತ್ರಿಯಿರಲಿಲ್ಲವಾದ್ದರಿಂದ ನಾನೂ ಹಟ ಹಿಡಿಯಲಿಲ್ಲ. ಲವಂಗದ ಎಣ್ಣೆ, ನೋವಿನ ಮಾತ್ರೆ ಕೊಟ್ಟೆ. ಕೆನ್ನೆಗೆ ಶಾಖ ಮಾತ್ರ ಕೊಡಕೂಡದು, ಜ್ವರ ಬಂದರೆ, ಊದಿದರೆ ಆ ಕ್ಷಣ ಕರೆತರಬೇಕು ಎಂದು ಎರಡೆರಡು ಸಲ ಹೇಳಿದೆ. ಎರಡನೇ ಸಲ ಹೇಳುವಾಗ ದನಿ ಏರಿತ್ತು. ತಾಯಿ ತಲೆಯಾಡಿಸಿದರು, ಕೇಳಿದ ಹಾಗೆ ಕಾಣಲಿಲ್ಲ.

ಮೂರ್ನಾಲ್ಕು ದಿನ ಕಳೆದು ಮತ್ತೆ ಆ ಗಾಡಿ ಬಂತು. ಶಿವಮೊಗ್ಗದ ಬಸ್ಸು ಆಗಷ್ಟೇ ಹೋಗಿತ್ತು. ಹೆಬ್ಬಾಗಿಲಿನಿಂದ ಒಳಗೆ ನಡೆದು ಬರುವಾಗಲೇ ನಾನು ಕುರ್ಚಿ ಬಿಟ್ಟೆದ್ದೆ. ಹುಡುಗಿ ಮುಂದಕ್ಕೆ ಬಾಗಿ, ಕುತ್ತಿಗೆ ಚಾಚಿ, ಬಾಯಿಗೆ ಸೆರಗು ಹಿಡಿದು ನಡೆಯುತ್ತಿದ್ದಳು. ಸೆರಗು ಜೊಲ್ಲಿನಿಂದ ತೊಯ್ದಿತ್ತು. ಗಲ್ಲದ ಕೆಳಗೆ, ಎರಡೂ ಕಡೆ, ಗಂಟಲಿನ ತನಕ ಊತ. ಮುಟ್ಟಿದರೆ ಮರದ ಹಾಗೆ ಗಟ್ಟಿ. ಎಲ್ಲೂ ಮೆತ್ತಗಿಲ್ಲ. ಮೈ ಕಾದ ಕಾವಲಿ.

“ಹೆಸರೇನಮ್ಮ?” ಎಂದೆ, ದನಿ ಕೇಳಬೇಕಾಗಿತ್ತು. ಬಾಯಿ ತುಂಬ ಬಿಸಿ ತುತ್ತಿಟ್ಟುಕೊಂಡವರು ಮಾತಾಡಿದ ಹಾಗೆ ಏನೋ ಬಂತು.

ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ನಾಲಗೆಯ ಅಡಿ ಉಬ್ಬಿ, ನಾಲಗೆಯನ್ನೇ ಎತ್ತಿ ಅಂಗುಳಕ್ಕೆ ಒತ್ತಿತ್ತು. ಎಂಜಲು ನುಂಗಲಾಗುತ್ತಿರಲಿಲ್ಲ. ಮಲಗಿಸಲು ಹೋದರೆ ಕೈಯಿಂದ ದೂಡಿ ಎದ್ದು ಕೂತಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಇದು ಏನೆಂದು ಪುಸ್ತಕದಲ್ಲಿ ಓದಿದ್ದೆ, ಒಮ್ಮೆ ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡಿದ್ದೆ. ಆ ರೋಗಿ ಮಧ್ಯಾಹ್ನ ಬಂದವನು ಸಂಜೆಗೆ ಇರಲಿಲ್ಲ. ಕೀವಿನಿಂದ ಅಲ್ಲ, ನಾಲಗೆ ಗಂಟಲು ಮುಚ್ಚಿ ಉಸಿರು ಸಿಗದೆ ಹೋದದ್ದು. ಇಲ್ಲಿ ಉಸಿರು ನಂಬಿಕೊಂಡವರು ಇಬ್ಬರು.

“ಶಾಖ ಕೊಟ್ರಾ?” ಎಂದೆ.

“ಅಕ್ಕಿಹಿಟ್ಟು ಬೇಯಿಸಿ ಕಟ್ಟಿದ್ದೆ,” ಎಂದರು ತಾಯಿ. “ಕುರು ಮಾಗಲಿ ಅಂತ.”

ನಾನು ಬಾಯಿ ತೆರೆದೆ. ಕಂಪೌಂಡರು ನನ್ನ ಮೊಣಕೈ ಮುಟ್ಟಿದರು. ಮುಚ್ಚಿಕೊಂಡೆ.

ಊತ ಕೆಳದವಡೆಯದು. ಅಂದರೆ ನಾನು ಅನುಮಾನಪಟ್ಟ ಮೇಲಿನ ಹಲ್ಲು ನಿರಪರಾಧಿ. ಕೆಳಗಿನ ಹಲ್ಲಿನ ನೋವು ಒಂದೇ ನರ ಹಿಡಿದು ಕಿವಿಗೂ ಮೇಲ್ದವಡೆಗೂ ಹೋಗಿ ನಿಲ್ಲುವುದುಂಟು. ಆ ದಿನ ತಾಯಿ ಅಡ್ಡ ಬರದಿದ್ದರೆ ಗಟ್ಟಿ ಹಲ್ಲೊಂದು ಹೋಗಿಬಿಡುತ್ತಿತ್ತೇನೋ. ಬಾಗಿದ ಕಡ್ಡಿಯನ್ನು ತುಟಿಯ ಸಂದಿಯಿಂದ ಒಳಗೆ ಸರಿಸಿ ಬಲಗಡೆಯ ಕೆಳ ಹಲ್ಲುಗಳ ಮೇಲೆ ಎಳೆಯುತ್ತ ಹೋದೆ. ಒಂದರ ಮೇಲೆ ಜಾರಿತು. ಇನ್ನೊಂದರ ಮೇಲೆ ಜಾರಿತು. ಹಿಂದಿನ ದವಡೆ ಹಲ್ಲಿನ ಮೇಲೆ ಬಂದಾಗ ಜಾರಲಿಲ್ಲ, ಕಚ್ಚಿಕೊಂಡಿತು. ಕೆರೆದೆ. ಹೊರಗೆ ತೆಗೆದ ಮೊನೆಯಲ್ಲಿ ಕಂದುಗೆಂಪು ಪುಡಿ. ಹಲ್ಲು ಹಾಗೆ ಪುಡಿಯಾಗುವುದಿಲ್ಲ.

“ಇದೆಂತದು?” ಎಂದು ಕಡ್ಡಿಯನ್ನು ಬೆಳಕಿಗೆ ಹಿಡಿದೆ.

“ಚೊಗರು,” ಎಂದರು ತಾಯಿ, ಸಾಮಾನ್ಯವಾದ ಸಂಗತಿಯಂತೆ. “ನಾನೇ ತುಂಬಿದ್ದು.”

ಅಡಿಕೆ ಬೇಯಿಸಿದ ಕೆಂಪು ನೀರನ್ನು ಒಲೆಯ ಮೇಲೆ ಬತ್ತಿಸಿದರೆ ಉಳಿಯುವ ಮಂದ ರಸಕ್ಕೆ ಆ ಕಡೆ ಚೊಗರು ಎನ್ನುತ್ತಾರೆ. ಅಡಿಕೆಗೆ ಬಣ್ಣ ಕೂರಿಸಲು ಅದೇ ಬೇಕು. ಬಾಯಿಹುಣ್ಣಿಗೆ, ವಸಡಿನ ರಕ್ತಕ್ಕೆ ಹಚ್ಚುವುದನ್ನು ಕಂಡಿದ್ದೆ. ಹೀಗೆ ಕಂಡಿರಲಿಲ್ಲ.

“ತವರಿಗೆ ಬಂದಾಗ ಆ ಹಲ್ಲಲ್ಲಿ ತೂತಿತ್ತು,” ಎಂದರು ಅವರು. “ಅನ್ನದ ಅಗುಳು ಸಿಕ್ಕಿದ್ರೆ ಅಳ್ತಿದ್ಳು. ಕೀಳೋ ಹಾಗಿಲ್ಲ, ಹೆರಿಗೆ ಆಗ್ಬೇಕಲ್ಲ. ಅಲ್ಲಿಯವರೆಗೆ ಹಲ್ಲು ಕಾಯಲಿ ಅಂತ ಚೊಗರು ಗಟ್ಟಿ ಬತ್ತಿಸಿ, ಸುಣ್ಣ ಕಲಸಿ ತುಂಬಿದೆ. ಕಲ್ಲಿನ ಹಾಗೆ ಕೂತಿತು. ಆಮೇಲೆ ಸುಮಾರು ದಿನ ನೋವೇ ಇರ್ಲಿಲ್ಲ ಡಾಕ್ಟ್ರೇ.”

“ಮೊನ್ನೆ ಯಾಕೆ ಹೇಳ್ಲಿಲ್ಲ?”

“ಅದು ವಾಸಿಯಾದ ಹಲ್ಲಲ್ವಾ?”

ತೂತು ಎಲ್ಲಿ ಹೋಯಿತೆಂದು ಈಗ ತಿಳಿಯಿತು. ತಾಂಬೂಲದ ಬಣ್ಣದ ಬಾಯಲ್ಲಿ ಅಡಿಕೆಯದೇ ಗಾರೆ. ಕನ್ನಡಿಗೆ ಹೇಗೆ ಕಂಡೀತು? ಮೊದಲ ದಿನವೇ ಕಡ್ಡಿ ಎಳೆದು ನೋಡಬೇಕಾಗಿತ್ತು. ಕಡ್ಡಿಯ ಮೊನೆಯನ್ನು ಒತ್ತಿ ತಿರುವಿ ಆ ಗಾರೆಯನ್ನು ಚೂರುಚೂರಾಗಿ ಎಬ್ಬಿಸಿದೆ. ಹುಡುಗಿ ನನ್ನ ಮುಂಗೈ ಹಿಡಿದುಕೊಂಡಿದ್ದಳು, ಎಳೆಯಲಿಲ್ಲ. ಕೊನೆಯ ಚೂರು ಎದ್ದಾಗ ಕೊಳೆತ ವಾಸನೆ ಕೋಣೆಯನ್ನೇ ತುಂಬಿತು. ಅಣ್ಣ ಮುಖ ತಿರುಗಿಸಿದ. ಹಲ್ಲಿನೊಳಗಿಂದ ಸ್ವಲ್ಪ ಕೀವು ಬಂತು, ಅಷ್ಟೇ. ಅದು ತಡವಾಗಿ ತೆರೆದ ಬಾಗಿಲು. ವಿಷವೆಲ್ಲ ಆಗಲೇ ದವಡೆ ದಾಟಿ ನಾಲಗೆಯ ಬುಡಕ್ಕೆ ಇಳಿದಿತ್ತು.

“ಶಿವಮೊಗ್ಗಕ್ಕೆ ಒಯ್ತೀವಿ,” ಎಂದ ಅಣ್ಣ. “ದೊಡ್ಡಾಸ್ಪತ್ರೆಗೆ.”

“ಬಸ್ಸು ಹೋಯ್ತು. ಇನ್ನು ನಾಳೆ. ಗಾಡಿಯಲ್ಲಿ ಹೋದರೆ ದಾರಿಯಲ್ಲೇ...” ಮುಂದಿನ ಮಾತು ಹುಡುಗಿಯ ಎದುರು ಆಡಲಾಗಲಿಲ್ಲ. “ಇಲ್ಲೇ ಕೊಯ್ಯಬೇಕು. ಈಗಲೇ.”

“ಮಾಗದ ಕುರು ಕೊಯ್ತಾರಾ ಯಾರಾದ್ರೂ?” ಎಂದರು ತಾಯಿ. “ಹಸಿಯಲ್ಲಿ ಕೊಯ್ದರೆ ವಿಷ ಏರ್ತದೆ. ಹಣ್ಣಾಗಲಿ.”

ಅವರು ಹೇಳಿದ್ದು ಮೂಢನಂಬಿಕೆಯಲ್ಲ. ನನಗೆ ಕಲಿಸಿದವರೂ ಅದನ್ನೇ ಕಲಿಸಿದ್ದರು: ಬೆರಳಿಗೆ ಮೆತ್ತಗೆ ಸಿಗುವ ತನಕ ಕುರುವಿಗೆ ಚಾಕು ಹಾಕಬೇಡ. ಆದರೆ ಈ ಊತ ಹಣ್ಣಾಗುವುದಿಲ್ಲ, ಹಣ್ಣಾಗುವಷ್ಟು ಹೊತ್ತು ರೋಗಿಯನ್ನು ಉಳಿಸುವುದೂ ಇಲ್ಲ. ಕೊಯ್ದರೆ ಕೀವು ಸಿಗದೆಯೂ ಹೋಗಬಹುದು. ಕುತ್ತಿಗೆಯ ದೊಡ್ಡ ರಕ್ತನಾಳಗಳು ಅಲ್ಲೇ ಪಕ್ಕದಲ್ಲಿ. ಕ್ಲೋರೋಫಾರಂ ಕೊಡುವಂತಿಲ್ಲ, ಕೊಟ್ಟು ಮಲಗಿಸಿದರೆ ನಾಲಗೆ ಹಿಂದಕ್ಕೆ ಬಿದ್ದು ಮುಗಿಯಿತು. ಎಚ್ಚರವಿದ್ದವಳನ್ನು ಕೂರಿಸಿಕೊಂಡು, ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಒಂದನ್ನೇ ನಂಬಿ ಕೊಯ್ಯಬೇಕು. ನನಗೆ ಭಯವಾಗಿತ್ತು. ಈ ಮಾತನ್ನು ಆಗ ಯಾರಿಗೂ ಹೇಳಲಿಲ್ಲ, ಗದರುವವನಿಗೆ ಅದೊಂದು ಅನುಕೂಲ, ಭಯವಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಉಸಿರು ನಿಂತೇಬಿಟ್ಟರೆ ಗಂಟಲಿನ ಕೆಳಗೆ ಉಸಿರುನಾಳವನ್ನೇ ತೆರೆದು ಕೊಳವೆ ಹಾಕಬೇಕು. ಅದಕ್ಕೆಂದೇ ಮಾಡಿದ ಬೆಳ್ಳಿಯ ಕೊಳವೆ ನಮ್ಮಲ್ಲಿರಲಿಲ್ಲ. ಕಂಪೌಂಡರು ಒಂದು ರಬ್ಬರ್ ನಳಿಗೆಯನ್ನು ಗಿಡ್ಡಕ್ಕೆ ಕತ್ತರಿಸಿ, ಜಾರದಂತೆ ಪಿನ್ನು ಚುಚ್ಚಿ, ಕುದಿಯುವ ನೀರಿಗೆ ಹಾಕಿದರು. ನಾನು ಅವಳ ಕುತ್ತಿಗೆಯಲ್ಲಿ ಆ ಜಾಗವನ್ನು ಬೆರಳಿನಿಂದ ಹುಡುಕಿ ಅಯೊಡಿನ್ನಿನ ಬೊಟ್ಟಿಟ್ಟೆ. ಆಮೇಲೆ ಹುಡುಕುತ್ತ ಕೂರುವ ಸಮಯವಿರುವುದಿಲ್ಲ. ಸರಿಯಾಗಿ ಆ ಬೊಟ್ಟಿನ ಮೇಲೆಯೇ ಅವಳ ಇಷ್ಟಲಿಂಗದ ದಾರ ಅಡ್ಡ ಹಾದಿತ್ತು. ಊತಕ್ಕೆ ದಾರ ಚರ್ಮದಲ್ಲಿ ಹೂತುಹೋಗಿತ್ತು.

“ಇದು ಇಲ್ಲಿ ಇರುವ ಹಾಗಿಲ್ಲ,” ಎಂದೆ.

ತಾಯಿ ಮಗಳ ಮುಂದೆ ಬಂದು ನಿಂತರು. “ಲಿಂಗ ತೆಗಿಯೋದಿಲ್ಲ. ಜೀವ ಹೋದ್ರೂ ಮೈಯಿಂದ ತೆಗಿಯೋದಿಲ್ಲ. ನೀವು ಕೊಯ್ಯೋದೂ ಬೇಡ. ನಡಿಯೋ, ಗಾಡಿ ಕಟ್ಟು,” ಎಂದು ಮಗನಿಗೆ ಹೇಳಿದರು. ಮಗ ಬಾಗಿಲ ತನಕ ಹೋಗಿ ನಿಂತ. ತಂಗಿಯ ಮುಖ ನೋಡಿದ, ನನ್ನ ಮುಖ ನೋಡಿದ.

ನನ್ನಲ್ಲಿದ್ದ ಸಿಟ್ಟೆಲ್ಲ ಆ ಹೊತ್ತಿಗೆ ಒಣಗಿಹೋಗಿತ್ತು. ಮಂಡಿಯೂರಿ ಹುಡುಗಿಯ ಮುಖದ ಮಟ್ಟಕ್ಕೆ ಬಂದೆ. “ಕೇಳಮ್ಮ. ಸಂಜೆಯೊಳಗೆ ನಿನಗೆ ಉಸಿರು ಸಿಗೋದಿಲ್ಲ. ಕೊಯ್ದರೆ ಸಿಗಬಹುದು. ಖಾತ್ರಿ ಅಂತ ನಾನು ಹೇಳೋದಿಲ್ಲ. ಕುತ್ತಿಗೆ ನಿಂದು, ಹೊಟ್ಟೆಯಲ್ಲಿರೋದು ನಿಂದು. ನೀನೇ ಹೇಳು.”

ಅವಳಿಗೆ ಮಾತು ಬರುತ್ತಿರಲಿಲ್ಲ.  ಪ್ರತಿ ಉಸಿರಿಗೂ ಗೊರಗೊರ ಸದ್ದು. ಆಮೇಲೆ ಬಲಗೈಯಲ್ಲಿ ಲಿಂಗವಿಟ್ಟ ಪುಟ್ಟ ಕರಡಿಗೆಯನ್ನು ಗಟ್ಟಿಯಾಗಿ ಮುಷ್ಟಿಯಲ್ಲಿ ಹಿಡಿದಳು. ಎಡಗೈಯಿಂದ ದಾರವನ್ನು ಊತದಿಂದ ಬಿಡಿಸಿ, ತಲೆಯ ಮೇಲಿಂದ ತೆಗೆದಳು. ಮುಷ್ಟಿ ಬಿಡಲಿಲ್ಲ. ಎರಡು ಕಣ್ಣಿಗೂ ಒತ್ತಿಕೊಂಡು, ಎಡ ರಟ್ಟೆಯ ಮೇಲೆ ಇಟ್ಟು, ಕಟ್ಟು ಎಂದು ತಾಯಿಯ ಕಡೆ ತೋಳು ಚಾಚಿದಳು.

 ತಾಯಿಯೇ ಕಟ್ಟಿದರು.

ಕುರ್ಚಿಯನ್ನು ಜಗುಲಿಯ ಬೆಳಕಿಗೆ ತಂದೆವು. ಅಣ್ಣ ಹಿಂದೆ ನಿಂತು ತಂಗಿಯ ತಲೆಯನ್ನು ಎದೆಗೆ ಒತ್ತಿ ಹಿಡಿದ. ಇಂಜೆಕ್ಷನ್ ಕೊಟ್ಟು, ಗಲ್ಲದ ಕೆಳಗೆ ಅಡ್ಡಕ್ಕೆ ಚಾಕು ಹಾಕಿದೆ. ಚರ್ಮ ಬಿಟ್ಟಿತು. ಅದರ ಕೆಳಗೆ ಎಲ್ಲ ಗಟ್ಟಿ, ಬಿಳಿಚು, ರಕ್ತವೂ ಹೆಚ್ಚಿಲ್ಲ. ಕೀವಿಲ್ಲ. ಚಾಕು ಕೆಳಗಿಟ್ಟು, ತುದಿ ಮೊಂಡಾದ ಚಿಮಟವನ್ನು ಮುಚ್ಚಿಯೇ ಮೇಲಕ್ಕೆ ನಾಲಗೆಯ ಬುಡದತ್ತ ದೂಡಿ, ಒಳಗೆ ಅದರ ಬಾಯಿ ಅಗಲಿಸಿದೆ. ಇಲ್ಲಿ ಚಾಕು ಹಾಕಿದರೆ ರಕ್ತನಾಳ ಕತ್ತರಿಸೀತು. ಮೊಂಡು ಚಿಮಟವಾದರೆ ನಾಳ ಪಕ್ಕಕ್ಕೆ ಸರಿಯುತ್ತದೆ. ಕೀವಿಲ್ಲ.

“ನಾನು ಹೇಳ್ಲಿಲ್ವಾ,” ಎಂದರು ತಾಯಿ ಗೋಡೆಯ ಬದಿಯಿಂದ, ಮೆಲ್ಲಗೆ.

ಹುಡುಗಿಯ ತುಟಿ ನೀಲಿಗೆ ತಿರುಗಿತ್ತು. ಇದ್ದಕ್ಕಿದ್ದಂತೆ ಎದ್ದು ನಿಲ್ಲಲು ಹೊರಟಳು, ಅಣ್ಣನ ಹಿಡಿತ ತಪ್ಪಿತು, ಚಿಮಟ ನನ್ನ ಕೈಯಲ್ಲೇ ಉಳಿಯಿತು. ಗೊರಗೊರ ಸದ್ದು ನಿಂತಿತ್ತು. ಸದ್ದಿಲ್ಲದ್ದು ಸದ್ದಿಗಿಂತ ಕೆಟ್ಟದ್ದು. ಕಂಪೌಂಡರು ಏನೂ ಕೇಳದೆ ರಬ್ಬರ್ ನಳಿಗೆಯ ತಟ್ಟೆಯನ್ನು ನನ್ನ ಪಕ್ಕಕ್ಕೆ ತಂದರು. ನನ್ನ ಕಣ್ಣು ಕುತ್ತಿಗೆಯ ಬೊಟ್ಟಿನ ಮೇಲೆ ಹೋಯಿತು. ಅಲ್ಲಿ ತೆರೆಯಲೋ, ಇನ್ನೊಂದು ಸಲ ಚಿಮಟ ಹಾಕಲೋ? ಎರಡನ್ನೂ ಮಾಡುವಷ್ಟು ಸಮಯವಿರಲಿಲ್ಲ.

ಮಧ್ಯಕ್ಕೆ ಹುಡುಕಿದ್ದೇ ತಪ್ಪು, ವಿಷ ಹೊರಟದ್ದು ಹಲ್ಲಿನಿಂದ, ಹಲ್ಲಿನ ಕಡೆಗೇ ಹೋಗಬೇಕು ಎಂದು ಹೊಳೆಯಿತು. ಅವಳ ಗಲ್ಲ ಎತ್ತಿ ಹಿಡಿದು, ಅದೇ ಗಾಯದೊಳಗಿಂದ ಚಿಮಟವನ್ನು ಬಲಕ್ಕೆ, ದವಡೆ ಎಲುಬಿನ ಒಳಮೈಯನ್ನು ಉಜ್ಜಿಕೊಂಡು, ಆ ಹಲ್ಲಿನ ಬೇರಿನ ಕಡೆಗೆ ದೂಡಿದೆ. ಏನೋ ಬಿಟ್ಟುಕೊಟ್ಟಿತು. ಅಗಲಿಸಿದೆ. ಮೊದಲು ಗಾಳಿ ಬಂತು, ಹಿಂದೆಯೇ ಕಂದು ಬಣ್ಣದ ನೀರು, ನನ್ನ ಮುಂಗೈ ಮೇಲೆ, ಅವಳ ಎದೆಯ ಮೇಲೆ. ದಪ್ಪ ಕೀವಲ್ಲ. ಹೊಲಸು ನೀರು. ಅಂಥ ವಾಸನೆಗೆ ಅಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಾರ.

ಹುಡುಗಿ ಕುರ್ಚಿಯಲ್ಲಿ ಕುಸಿದು ಕೂತಳು. ಒಂದು ಉಸಿರು ಗೊರಕ್ಕೆಂದು ಒಳಗೆ ಹೋಯಿತು. ಇನ್ನೊಂದು. ಅದರ ಹಿಂದೆ ಮತ್ತೊಂದು. ನಾಲಗೆ ಒಂದು ಕೂದಲೆಳೆಯಷ್ಟು ಕೆಳಗಿಳಿದಿರಬೇಕು, ಅಷ್ಟೇ ಸಾಕಾಗಿತ್ತು. ಗಾಯದಲ್ಲಿ ರಬ್ಬರ್ ಪಟ್ಟಿ ಇಟ್ಟು, ಮುಚ್ಚಿಕೊಳ್ಳದ ಹಾಗೆ ಸಡಿಲವಾಗಿ ಕಟ್ಟಿದೆ. ಆಮೇಲೆ ಮಗುವಿನ ಎದೆಬಡಿತ ಕೇಳುವ ಮರದ ಕೊಳವೆಯನ್ನು ಅವಳ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟೆ. ನನ್ನ ಎದೆಯ ಬಡಿತವೇ ಕಿವಿಯಲ್ಲಿ ತುಂಬಿ ಮೊದಲು ಏನೂ ಕೇಳಲಿಲ್ಲ. ಜಾಗ ಬದಲಿಸಿ ಕೇಳಿದೆ. ಇತ್ತು. ಅವಸರದಲ್ಲಿ, ಸಣ್ಣಗೆ, ಬಿಡದೆ ಬಡಿಯುತ್ತಿತ್ತು.

“ಬದುಕಿದ್ವಿ ಮಾರಾಯ್ರೆ,” ಎಂದರು ಕಂಪೌಂಡರು, ಗೋಡೆಗೆ ಒರಗಿ. ಯಾರನ್ನು ಸೇರಿಸಿ ಹೇಳಿದರೋ, ನನ್ನನ್ನಂತೂ ಸೇರಿಸಿದ್ದರು.

ಸೋಂಕು ತಡೆಯುವ ಸಲ್ಫಾ ಮಾತ್ರೆಗಳು ಆಗ ಚಿನ್ನದ ಹಾಗೆ; ನ್ಯುಮೋನಿಯಾದವರಿಗೆಂದು ಎತ್ತಿಟ್ಟಿದ್ದವನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಸಂಜೆಯಿಂದ ಚಮಚದಲ್ಲಿ ತೊಟ್ಟಿಕ್ಕಿಸಿದೆವು. ಮೊದಮೊದಲು ಹೊರಗೇ ಬರುತ್ತಿತ್ತು. ಆ ಇರುಳನ್ನು ಅವಳು ದಿಂಬುಗಳ ನಡುವೆ ಕೂತೇ ಕಳೆದಳು. ಬೆಳಗಾಗುವ ಹೊತ್ತಿಗೆ ಊತದ ಮರಗಟ್ಟು ಸಡಿಲಿತ್ತು, ಜ್ವರ ಇಳಿಮುಖವಾಗಿತ್ತು. ಆ ಹಲ್ಲನ್ನು ಕೀಳುವುದು ಬಾಯಿ ಪೂರ್ತಿ ತೆರೆಯುವಂತಾದ ಮೇಲಿನ ಮಾತು. ತಾಯಿ ಗಂಜಿಯ ತಿಳಿಯನ್ನು ಆರಿಸಿ ಒಂದು ಚಮಚ ತುಟಿಗಿಟ್ಟರು. ಗಂಟಲು ಒಮ್ಮೆ ಮೇಲೇರಿ ಕೆಳಗಿಳಿಯಿತು. ನುಂಗಿದಳು. ತಾಯಿ ಎರಡನೇ ಚಮಚ ತುಂಬಲಾರದೆ ಬಟ್ಟಲನ್ನು ಮಗನ ಕೈಗೆ ಕೊಟ್ಟು ಹೊರಗೆ ಹೋದರು.

ನಾನು ಕೈ ತೊಳೆಯಲು ಹೋದಾಗ ಅವರು ಬಾವಿಯ ಕಟ್ಟೆಯ ಹತ್ತಿರ ನಿಂತಿದ್ದರು. ಕಣ್ಣು ಒರೆಸಿಕೊಂಡಾಗಿತ್ತು.

“ಡಾಕ್ಟ್ರೇ, ಒಂದು ಕೇಳ್ತೀನಿ. ಗದರ್ಬೇಡಿ.”

“ಕೇಳಿ.”

“ಇದು ನಾನು ಮಾಡಿದ್ದಾ?”

ಹಿಂದಿನ ದಿನವೆಲ್ಲ ಈ ಹೆಂಗಸಿಗೆ ಹೇಳಬೇಕೆಂದು ನಾನು ಬಾಯಲ್ಲಿ ಕಟ್ಟಿಟ್ಟುಕೊಂಡ ಮಾತುಗಳು ಎಷ್ಟೋ ಇದ್ದವು. ಈಗ ಒಂದೂ ಬೇಕೆನಿಸಲಿಲ್ಲ. ಇಲ್ಲ ತಾಯೀ, ಹಲ್ಲು ಕೆಟ್ಟಿತ್ತು, ಅದರ ಹಣೆಬರಹ ಎಂದುಬಿಡಬಹುದಿತ್ತು. ಅವರು ಮನೆಗೆ ಹೋಗಿ ಸಮಾಧಾನವಾಗಿ ಇರುತ್ತಿದ್ದರು. ಮಗಳೂ ಉಳಿದಿದ್ದಳು, ಸತ್ಯದಿಂದ ಈಗ ಯಾರಿಗೆ ಏನು ಲಾಭ ಎಂದೂ ಅನ್ನಿಸಿತು. ಆದರೆ ಮುಂದಿನ ವರ್ಷವೂ ಅಡಿಕೆ ಬೇಯುತ್ತದೆ, ಚೊಗರು ಬತ್ತುತ್ತದೆ.

“ಹೌದು,” ಎಂದೆ. “ಹಲ್ಲು ತಾನಾಗಿ ಕೆಟ್ಟಿತ್ತು. ಆದರೆ ತೂತು ತೆರೆದಿದ್ದರೆ ಕೀವು ಬಾಯಿಗೆ ಬಂದು ಹೋಗ್ತಿತ್ತು. ನೀವು ಮುಚ್ಚಿದಿರಿ. ಅದು ಒಳಗೆ ದಾರಿ ಹುಡುಕಿತು. ಶಾಖ ಕೊಟ್ಟಿರಿ, ಇನ್ನೂ ಬೇಗ ಇಳಿಯಿತು.”

ಅವರು ಅಳಲಿಲ್ಲ.  ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದು ದುಃಖ; ಬಂದದ್ದು ಬೇರೆ. ಕಣ್ಣು ಅಗಲವಾದವು.

“ಹಾಗಾದ್ರೆ ನಮ್ಮೂರಲ್ಲೇ ಮೇಲಿನ ಮನೆಯವರ ಸೊಸೆ ಒಬ್ಬಳಿದ್ದಾಳೆ,” ಎಂದರು. “ಅವಳೂ ಬಸುರಿ. ಇವಳಿಗೆ ವಾಸಿಯಾಯ್ತಲ್ಲ ಅಂತ ಅವಳ ಅತ್ತೆ ಬಂದು ಕೇಳಿದ್ಳು. ಅವಳ ಹಲ್ಲಿಗೂ ನಾನೇ ತುಂಬಿದ್ದು. ನಿನ್ನೆ ನಾವು ಹೊರಡುವಾಗ ಅವಳ ದವಡೆ ಸಣ್ಣಗೆ ಊದಿತ್ತು. ಹಿಟ್ಟು ಬೇಯಿಸಿ ಕಟ್ಟಿಕೋ, ಮಾಗ್ತದೆ ಅಂತ ಹೇಳಿ ಬಂದಿದ್ದೀನಿ.”

 ಮಗನ ಕೈಯಲ್ಲಿ ಹೇಳಿ ಕಳಿಸಿ, ನಾನೊಂದು ಚೀಟಿ ಕೊಡುತ್ತೇನೆ ಎಂದೆ.

“ಚೀಟಿಗೆ ಅವರು ಬರೋದಿಲ್ಲ. ಬಸುರಿ ಹಲ್ಲು ಕೀಳಬಾರದು ಅಂತ ಅವರಿಗೆ ಹೇಳಿದ್ದೂ ನಾನೇ ಅಲ್ವಾ.” ಅಷ್ಟು ಹೊತ್ತಿಗೆ ಅವರು ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು. “ನಾನು ಹೇಳ್ದೆ ಅಂತ ಚೊಗರಿಗೆ ಬಾಯಿ ತೆರೆದವಳು ಅವಳು. ನಾನೇ ಹೋಗಿ, ತಪ್ಪಾಯ್ತು ಅಂತ ಹೇಳಿ, ಕರ್ಕೊಂಡು ಬರ್ತೀನಿ. ನನ್ನ ಮಗಳನ್ನ ನೋಡ್ಕೊಳ್ಳಿ.”

ಒಳಗೆ ಹೋಗಿ ಮಗಳ ಮುಖವನ್ನೂ ನೋಡದೆ, ನೋಡಿದರೆ ಹೊರಡಲಾಗುವುದಿಲ್ಲವೆಂದೋ ಏನೋ, ಮಗನನ್ನು ಕೂಗಿ ಎತ್ತು ಹೂಡಿಸಿದರು. ಗಾಡಿ ಬಾಳೆಹೊನ್ನೂರಿನ ದಾರಿಗೆ ತಿರುಗುವಾಗ ಅವರು ಒಳಗೆ ಕೂತಿರಲಿಲ್ಲ, ಮಗನ ಪಕ್ಕ ಮುಂದೆ ಕೂತು ಎತ್ತುಗಳನ್ನು ತಾವೇ ಅವಸರಪಡಿಸುತ್ತಿದ್ದರು. ನಾನು ಒಳಗೆ ಬಂದು, ಚಿಮಟವನ್ನು ಮತ್ತೆ ಕುದಿಯಲು ಇಡಿ, ಈ ಸಲ ಇಕ್ಕಳವನ್ನೂ ಎಂದು ಕಂಪೌಂಡರಿಗೆ ಹೇಳಿದೆ.